ನೆರಳು ನೋಡಿ ದಾರಿ ಹಿಡಿಯಿರಿ: ಬಾದಾಮಿ ಸುತ್ತ ಸೈಕಲ್ ಸವಾರಿ

ಪ್ರಶ್ನೆ: ನಾನು ಬಾದಾಮಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ವಯಸ್ಸು 38. ಕಳೆದ ದೀಪಾವಳಿಗೆ ರೋಡ್ ಬೈಕ್ ಕೊಂಡೆ. ಇಬ್ಬರು ಸಹೋದ್ಯೋಗಿ ಗೆಳತಿಯರೊಂದಿಗೆ ಭಾನುವಾರ ಮೂವತ್ತು ನಲವತ್ತು ಕಿಲೋಮೀಟರ್ ತುಳಿಯುತ್ತೇನೆ. ಮಾರ್ಚ್ ತಿಂಗಳಲ್ಲಿ ಐಹೊಳೆಗೆ ಹೋಗಿ ಬರೋಣವೆಂದು ಬೆಳಿಗ್ಗೆ ಎಂಟಕ್ಕೆ ಹೊರಟೆವು. ದಾರಿಯಲ್ಲಿ ಎರಡು ಪಂಕ್ಚರ್. ಮರಳುವಾಗ ಮಧ್ಯಾಹ್ನ ಒಂದರ ಹೊತ್ತಿಗೆ ತಲೆ ಸುತ್ತಿ ರಸ್ತೆಯ ಬದಿಯಲ್ಲಿ ಕುಳಿತುಬಿಟ್ಟೆ. ಬಾದಾಮಿಯ ಸುತ್ತ ಯಾವ ದಾರಿ ಒಳ್ಳೆಯದು, ಎಲ್ಲಿ ನಿಲ್ಲಬೇಕು, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ ಸಿಗುತ್ತದೆ, ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಬೆಳಿಗ್ಗೆ ಎಂಟಕ್ಕೆ ಹೊರಟೆವು’ ಎಂಬ ಮಾತಿನ ಮೇಲೆ. ಬಾದಾಮಿಯಿಂದ ಐಹೊಳೆಗೆ ಸುಮಾರು 35 ಕಿಲೋಮೀಟರ್, ಹೋಗಿ ಬಂದರೆ ಎಪ್ಪತ್ತು. ನಾಲ್ಕೈದು ತಿಂಗಳು ಬಿಡದೆ ತುಳಿದ ಕಾಲಿಗೆ ಇದು ಭಾರವಲ್ಲ. ಮಾರ್ಚ್ ತಿಂಗಳಲ್ಲಿ ಎಂಟಕ್ಕೆ ಹೊರಟವರನ್ನು ಮಾತ್ರ ಆ ದಾರಿ ಸುಮ್ಮನೆ ಬಿಡುವುದಿಲ್ಲ, ಅವರು ಎಷ್ಟೇ ಗಟ್ಟಿಗರಾಗಿದ್ದರೂ. ಹೋಗುವಾಗ ಏರುವ ಬಿಸಿಲು, ಬರುವಾಗ ನೆತ್ತಿಯ ಮೇಲಿನ ಬಿಸಿಲು. ನಡುವೆ ಎರಡು ಪಂಕ್ಚರ್ ಹಾಕುತ್ತ ನೆರಳಿಲ್ಲದ ಕಡೆ ನಿಂತ ಹೊತ್ತು ಬೇರೆ. ನೀವು ಕುಳಿತದ್ದು ಸರಿ. ಛಲಕ್ಕೆ ಬಿದ್ದು ತುಳಿದಿದ್ದರೆ ಪತ್ರ ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲವೇನೋ.

ಮೂವತ್ತು ವರ್ಷಗಳಿಂದ ಈ ಸೀಮೆಯ ರಸ್ತೆಗಳಲ್ಲಿ ತುಳಿದಿದ್ದೇನೆ, ಹುಡುಗ ಹುಡುಗಿಯರಿಗೆ ಕಲಿಸಿದ್ದೇನೆ. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿ ನಿಲಯಗಳಿಂದ ರಾಷ್ಟ್ರ ಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ. ಸೈಕಲ್ ಈ ಬಯಲಿಗೆ ಹೊಸದಲ್ಲ. ಇಲ್ಲಿ ಕಲಿತವರೆಲ್ಲ ಪಾಲಿಸುವ ಒಂದು ಲೆಕ್ಕವನ್ನು ನೀವೂ ಹಿಡಿಯಿರಿ. ದಾರಿಯನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ, ನೆರಳಿನಲ್ಲಿ ಅಳೆಯಿರಿ. ಒಂದು ನೆರಳು ಬಿಟ್ಟು ಇನ್ನೊಂದು ನೆರಳು, ನೀರು ಸಿಗುವಷ್ಟರಲ್ಲಿ ಒಂದು ಗಂಟೆ ಮೀರಬಾರದು. ಬೇಸಿಗೆಯಲ್ಲಾದರೆ ಮುಕ್ಕಾಲು ಗಂಟೆ ಸಾಕು. ಒಂಬತ್ತೂವರೆ ಹತ್ತರೊಳಗೆ ಮನೆಗೆ ಮರಳಿರಬೇಕು. ಹಾಗೆ ಲೆಕ್ಕ ಹಾಕಿದರೆ ಬಾದಾಮಿಯಂಥ ಊರು ಸೈಕಲ್ಲಿಗೆ ಅಪರೂಪದ ಊರು. ಚಾಲುಕ್ಯರು ಗುಡಿ ಕಟ್ಟಿದಲ್ಲೆಲ್ಲ ನೀರಿದೆ, ನೀರಿದ್ದಲ್ಲಿ ಮರವಿದೆ.

ದಾರಿಗೆ ಬರುವ ಮುನ್ನ ನಿಮ್ಮ ತಲೆಸುತ್ತಿನ ಮಾತು. ಅದನ್ನು ಬಿಸಿಲಿನ ಮೇಲೆ ಹಾಕಿ ಮರೆಯಬೇಡಿ. ಮತ್ತೆ ದೂರ ಹೋಗುವ ಮೊದಲು ವೈದ್ಯರಲ್ಲಿ ರಕ್ತದೊತ್ತಡವನ್ನೂ ಹಿಮೋಗ್ಲೋಬಿನ್ ಪ್ರಮಾಣವನ್ನೂ ನೋಡಿಸಿಕೊಳ್ಳಿ. ದಾರಿಯಲ್ಲಿ ಮತ್ತೆ ಹಾಗಾದರೆ ಕೂಡಲೇ ನೆರಳಿಗೆ ಹೋಗಿ, ಹೆಲ್ಮೆಟ್ ತೆಗೆದು, ಕುತ್ತಿಗೆ, ಕಂಕುಳು, ಮುಖಕ್ಕೆ ನೀರು ಹಚ್ಚಿ, ಕಾಲು ಎತ್ತರಕ್ಕಿಟ್ಟು ಮಲಗಿ. ಜೊತೆಯವರಿಗೆ ಒಂದು ಗುರುತು ಹೇಳಿಡಿ: ಮಾತು ತೊದಲಿದರೆ, ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ ಬಂದರೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಇನ್ನು ದಾರಿ. ಬಾದಾಮಿಯಿಂದ ಬನಶಂಕರಿ, ಶಿವಯೋಗಮಂದಿರ, ಪಟ್ಟದಕಲ್ಲು. ಒಂದು ದಿಕ್ಕಿಗೆ ಸುಮಾರು 22 ಕಿಲೋಮೀಟರ್. ಇದೊಂದೇ ದಾರಿಯನ್ನು ಇಡೀ ವರ್ಷ ಬೇರೆ ಬೇರೆ ಅಳತೆಯಲ್ಲಿ ತುಳಿಯಬಹುದು. ಹೊಸಬರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ.

ಊರು ಬಿಟ್ಟು ಐದು ಕಿಲೋಮೀಟರಿಗೆ ಚೊಳಚಗುಡ್ಡದ ಬನಶಂಕರಿ. ಹೋಗುವಾಗ ಇಲ್ಲಿ ಇಳಿಯಬೇಡಿ, ಮೈ ಆಗಷ್ಟೇ ಬೆಚ್ಚಗಾಗಿರುತ್ತದೆ. ಬರುವಾಗ ಇಳಿಯಿರಿ. ಗುಡಿಯ ಎದುರು ಹರಿದ್ರಾತೀರ್ಥದ ಹೊಂಡ, ಸುತ್ತಲೂ ಕಲ್ಲಿನ ಮಂಟಪದ ಸಾಲು. ಹೊಂಡದ ಬದಿಯ ಆ ನೆರಳಿನಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ತಾಯಂದಿರು ಕಾಣುತ್ತಾರೆ. ‘ಬಾ ತಂಗಿ, ರೊಟ್ಟಿ ಊಟ ಮಾಡು’ ಎಂದು ಅವರೇ ಕರೆಯುತ್ತಾರೆ. ಬುಟ್ಟಿಯ ಬಟ್ಟೆ ಸರಿಸಿದರೆ ಜೋಳದ ರೊಟ್ಟಿ, ಮೊಳಕೆಕಾಳಿನ ಪಲ್ಯ, ಎಣ್ಣೆಗಾಯಿ, ಕೆಂಪು ಚಟ್ನಿ, ಶೇಂಗಾ ಚಟ್ನಿಪುಡಿ. ಪಕ್ಕದಲ್ಲಿ ಪುಟ್ಟ ಮಣ್ಣಿನ ಕುಡಿಕೆಗಳಲ್ಲಿ ಕೆನೆಗಟ್ಟಿದ ಮೊಸರು. ಬೆವರು ಹರಿಸಿ ಬಂದವರಿಗೆ ಇದಕ್ಕಿಂತ ಸರಿಯಾದ ಊಟ ನನಗೆ ಗೊತ್ತಿಲ್ಲ. ಹಿಟ್ಟು, ಕಾಳು, ಉಪ್ಪು, ಮೊಸರು, ಎಲ್ಲವೂ ಒಂದೇ ಎಲೆಯ ಮೇಲೆ. ಪೊಟ್ಟಣದಲ್ಲಿ ಬರುವ ದುಬಾರಿ ಪುಡಿಗಳನ್ನು ಕೊಳ್ಳುವ ಮುನ್ನ ಆರು ತಿಂಗಳು ಇದನ್ನು ಉಂಡು ನೋಡಿ.

ಬನಶಂಕರಿ ದಾಟಿದ ಮೇಲೆ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ. ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಸಂಸ್ಥೆ. ವಿಭೂತಿ ತಯಾರಿಕೆಗೆ ಹೆಸರಾದ ಜಾಗ. ಆವರಣದಲ್ಲಿ ಮರಗಳ ತಂಪು, ನದಿಯ ಗಾಳಿ, ಶಾಂತಿ. ಮಠದ ಆವರಣ ಎಂಬುದನ್ನು ನೆನಪಿಟ್ಟು, ಹೊರಗೇ ಇಳಿದು ಸೈಕಲ್ಲನ್ನು ಕೈಯಲ್ಲಿ ನಡೆಸಿಕೊಂಡು ಹೋಗಿ, ಸೈಕ್ಲಿಂಗ್ ಶಾರ್ಟ್ಸ್ ಮೇಲೆ ಒಂದು ತೆಳು ಪೈಜಾಮ ಏರಿಸಿಕೊಂಡರೆ ಯಾರಿಗೂ ಮುಜುಗರವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಸವಾರಿ ಇಲ್ಲಿಗೇ ಮುಗಿಯಲಿ. ಇಲ್ಲಿಂದ ಹಿಂತಿರುಗಿ ಬನಶಂಕರಿಯಲ್ಲಿ ಊಟ ಮಾಡಿ ಮನೆ ಸೇರಿ. ಮೇ ತಿಂಗಳಲ್ಲಿ ಆರಕ್ಕೆ ಮೊದಲೇ ಬೆಳಗಾಗುತ್ತದೆ, ಎಂಟರೊಳಗೆ ಎಲ್ಲವೂ ಮುಗಿಯುತ್ತದೆ.

ಇನ್ನೂ ಮುಂದೆ ಹೋದರೆ ನಂದಿಕೇಶ್ವರ, ಅಲ್ಲಿಂದ ಒಳಕ್ಕೆ ತಿರುಗಿದರೆ ಮಹಾಕೂಟ. ಗುಡ್ಡಗಳ ಮಡಿಲಲ್ಲಿ ಬುಗ್ಗೆಯ ನೀರಿನಿಂದ ತುಂಬಿದ ಪುಷ್ಕರಿಣಿ, ಸುತ್ತ ಹಳೆಯ ಮರಗಳು. ಮಧ್ಯಾಹ್ನದಲ್ಲೂ ತಂಪು ಆರದ ಜಾಗ. ಆ ನೀರನ್ನು ಕುಡಿಯಬೇಡಿ, ಜನ ಅದರಲ್ಲಿ ಸ್ನಾನ ಮಾಡುತ್ತಾರೆ. ಟವೆಲ್ ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಳ್ಳಿ. ಕೋತಿಗಳಿಂದ ಎಚ್ಚರವಾಗಿರಿ. ಹ್ಯಾಂಡಲ್‌ಗೆ ಕಟ್ಟಿದ ಚೀಲದಲ್ಲಿ ಬಾಳೆಹಣ್ಣು ಇದೆಯೆಂದು ಅವಕ್ಕೆ ನಿಮಗಿಂತ ಮೊದಲೇ ಗೊತ್ತಾಗುತ್ತದೆ. ಹಣ್ಣನ್ನು ಜೆರ್ಸಿಯ ಬೆನ್ನಿನ ಜೇಬಿನಲ್ಲೇ ಇಟ್ಟುಕೊಳ್ಳಿ.

ಪಟ್ಟದಕಲ್ಲು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ. ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗುತ್ತಾಳೆ. ಚಹಾ ಅಂಗಡಿ, ಎಳನೀರು, ನೀರಿನ ಬಾಟಲಿ, ಶೌಚಾಲಯ ಎಲ್ಲ ಇವೆ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ನಿಮ್ಮ ಭಾನುವಾರದ ಗುರಿ ಇದೇ ಆಗಿರಲಿ.

ಪಟ್ಟದಕಲ್ಲಿನಿಂದ ಐಹೊಳೆ ಇನ್ನು ಹದಿಮೂರು ಹದಿನಾಲ್ಕು ಕಿಲೋಮೀಟರ್. ನಿಮ್ಮನ್ನು ಕೆಡವಿದ್ದು ಈ ತುಂಡೇ. ಎರಡೂ ಬದಿ ಹೊಲ, ಮರ ವಿರಳ. ಎಷ್ಟೋ ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ನಾನೂ ಅಲ್ಲಿ ಎರಡು ಬಾಟಲಿ ಖಾಲಿ ಮಾಡಿಕೊಂಡು ಹೊಲದ ಗುಡಿಸಲೊಂದಕ್ಕೆ ಹೋಗಿ ನಿಂತಿದ್ದೆ. ಅಲ್ಲಿದ್ದ ಹಿರಿಯರು ಗಡಿಗೆಯಿಂದ ನೀರು ಕೊಡುವ ಮೊದಲು ಅಂಗೈಯಗಲದ ಬೆಲ್ಲದ ಉಂಡೆ ಮುರಿದು ಕೊಟ್ಟರು. ಚೊಂಬು ಎತ್ತಿ ಗಟಗಟನೆ ಕುಡಿಯಲು ಹೋದವನ ಕೈಹಿಡಿದು, ‘ಗುಟುಕು ಗುಟುಕಾಗಿ ಕುಡಿ ಯಪ್ಪಾ, ನೀರು ಎಲ್ಲಿಗೂ ಹೋಗುವುದಿಲ್ಲ’ ಎಂದರು. ನಾನು ಮಕ್ಕಳಿಗೆ ಕಲಿಸುವಾಗ ಇಂದಿಗೂ ಹೇಳುವುದು ಅವರ ಮಾತನ್ನೇ. ಬಾಯಾರಿದ ಮೇಲೆ ಒಂದೇ ಸಲ ಒಂದು ಲೀಟರ್ ಕುಡಿದರೆ ಹೊಟ್ಟೆ ಕುಲುಕುತ್ತದೆ, ವಾಂತಿ ಬರುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಎರಡು ಮೂರು ಗುಟುಕು, ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಹಾಗೆ ಕುಡಿದರೆ ಹೊಟ್ಟೆಗೂ ಹಿತ, ದಣಿವೂ ಕಡಿಮೆ. ಎರಡು ಬಾಟಲಿಯಲ್ಲಿ ಒಂದಕ್ಕೆ ಓಆರ್‌ಎಸ್ ಬೆರೆಸಿ. ಪುಡಿ ಸಿಗದಿದ್ದರೆ ಮನೆಯಲ್ಲೇ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚದ ಅಳತೆ, ಉಪ್ಪು ಅದಕ್ಕಿಂತ ಹೆಚ್ಚಾಗಬಾರದು.

ಐಹೊಳೆಯನ್ನು ನವೆಂಬರ್‌ನಿಂದ ಜನವರಿಯವರೆಗೆ ಇಟ್ಟುಕೊಳ್ಳಿ. ಆಗಲೂ ಬೆಳಕು ಹರಿದೊಡನೆ ಹೊರಡಬೇಕು. ಜನವರಿಯಲ್ಲಿ ಸೂರ್ಯ ಮೇಲೇರಲು ಏಳು ಗಂಟೆ ಸಮೀಪಿಸುತ್ತದೆ, ಹಾಗಾಗಿ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಬೇಕೇ ಬೇಕು. ಮನೆ ಸೇರುವಾಗ ಹತ್ತು ದಾಟುತ್ತದೆ, ಆದರೆ ಆ ತಿಂಗಳುಗಳಲ್ಲಿ ಹನ್ನೊಂದೂವರೆಯವರೆಗೆ ಮೈ ತಡೆಯುತ್ತದೆ. ದುರ್ಗ ಗುಡಿಯ ಆವರಣದಲ್ಲಿ ನೆರಳಿದೆ, ಹುಲ್ಲುಹಾಸಿದೆ. ಅರ್ಧ ಗಂಟೆ ಪೂರ್ತಿ ಕುಳಿತುಕೊಳ್ಳಿ. ಕಾಲು ಗಟ್ಟಿಯಾದ ಮೇಲೆ, ಮುಂದಿನ ವರ್ಷ ಎಂದಿಟ್ಟುಕೊಳ್ಳಿ, ಅಲ್ಲಿಂದ ಇನ್ನು ಹತ್ತು ಹನ್ನೊಂದು ಕಿಲೋಮೀಟರ್ ತುಳಿದು ಅಮೀನಗಡಕ್ಕೆ ಹೋಗಿ. ಅಲ್ಲಿಯ ಕರದಂಟನ್ನು ಬಹಳ ಸವಾರರು ದಾರಿಯಲ್ಲೇ ತಿನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿ, ತುಪ್ಪ ಸೇರಿದ ಅದು ಜೀರ್ಣವಾಗಲು ಹೊತ್ತು ಬೇಕು, ತುಳಿಯುವಾಗ ರಕ್ತ ಹೊಟ್ಟೆಗಲ್ಲ, ಕಾಲಿಗೆ ಹರಿಯುತ್ತಿರುತ್ತದೆ. ದಾರಿಗೆ ಬಾಳೆಹಣ್ಣು, ಖರ್ಜೂರ, ಬೆಲ್ಲದ ತುಂಡು. ಕರದಂಟು ಮನೆಗೆ ಬಂದ ಮೇಲೆ, ಒಂದು ಲೋಟ ಹಾಲಿನ ಜೊತೆ.

ಗುಳೇದಗುಡ್ಡದ ದಾರಿಯೂ ಚೆನ್ನಾಗಿದೆ. ಖಣ ನೇಯುವ ಊರು, ಓಣಿಗೆ ಕಾಲಿಟ್ಟರೆ ಮಗ್ಗದ ಸದ್ದು ಕೇಳುತ್ತದೆ, ಬಸ್ ನಿಲ್ದಾಣದ ಬಳಿ ಒಗ್ಗರಣೆ ಅವಲಕ್ಕಿ, ಮಿರ್ಚಿ ಭಜಿ ಸಿಗುತ್ತವೆ. ಭಜಿ ಮರಳಿ ಬಂದ ಮೇಲೆ ತಿನ್ನಬಹುದು, ಎಣ್ಣೆಯ ತಿಂಡಿ ತುಂಬಿದ ಹೊಟ್ಟೆಯಲ್ಲಿ ತುಳಿಯಲಾಗುವುದಿಲ್ಲ. ಕೆರೂರು, ಕುಳಗೇರಿ ಕ್ರಾಸ್ ಕಡೆಗೂ ಹೋಗಬಹುದು. ಆದರೆ ಆ ದಾರಿಗಳು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಗೆ ಸೇರುತ್ತವೆ. ಹೆದ್ದಾರಿ ಮುಟ್ಟುವ ಮೊದಲೇ ಹಿಂತಿರುಗಿ. ಲಾರಿ ಹಾದುಹೋಗುವ ಗಾಳಿಗೇ ಸೈಕಲ್ ಓಲಾಡುವ ಜಾಗದಲ್ಲಿ ಭಾನುವಾರ ಕಳೆಯಬೇಕಾಗಿಲ್ಲ.

ಗಾಳಿಯ ಲೆಕ್ಕವನ್ನು ಹೊಸಬರು ಹಾಕುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಜೋರಾಗಿಯೇ ಬೀಸುತ್ತದೆ. ಪಟ್ಟದಕಲ್ಲು ಬಾದಾಮಿಯ ಮೂಡಣಕ್ಕಿದೆ. ಹೋಗುವಾಗ ಗಾಳಿ ಬೆನ್ನಿಗೆ ಕೈಕೊಟ್ಟು ತಳ್ಳುತ್ತದೆ, ‘ನನಗೆ ಇಷ್ಟು ಬಲ ಬಂತೇ’ ಎನ್ನಿಸುತ್ತದೆ. ಮರಳುವಾಗ ಅದೇ ಗಾಳಿ ಎದೆಗೆ ಒದೆಯುತ್ತದೆ. ಆ ತಿಂಗಳುಗಳಲ್ಲಿ ಕೆರೂರು, ಕುಳಗೇರಿಯ ದಿಕ್ಕಿಗೆ ಹೊರಡಿ. ಹೊಸ ಬಲವಿರುವಾಗ ಎದುರುಗಾಳಿ, ದಣಿದಾಗ ಹಿಂಗಾಳಿ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ಆಗ ಪಟ್ಟದಕಲ್ಲು, ಐಹೊಳೆಯ ದಾರಿಯೇ ಸರಿ. ಮಳೆಗಾಲಕ್ಕೆ ಇನ್ನೊಂದು ಎಚ್ಚರಿಕೆ: ಮೇಲಿನ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟರೆ ಮಲಪ್ರಭೆಯ ತಗ್ಗು ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂದದ್ದು ನಿಮಗೆ ನೆನಪಿರಬಹುದು. ಸೇತುವೆಯ ಮೇಲೆ ಪಾದ ಮುಳುಗುವಷ್ಟು ನೀರು ಹರಿಯುತ್ತಿದ್ದರೂ ಸೈಕಲ್ ಇಳಿಸಬೇಡಿ, ಹಿಂದಕ್ಕೆ ಬನ್ನಿ.

ಮಳೆ ಬಿದ್ದ ಮರುದಿನ ಎರೆಭೂಮಿಯ ಕಡೆ ಡಾಂಬರು ಬಿಟ್ಟು ಇಳಿಯಲೇಬೇಡಿ. ಎರೆಮಣ್ಣು ಚಕ್ರಕ್ಕೂ ಬ್ರೇಕಿಗೂ ನಡುವೆ ಹಿಟ್ಟಿನಂತೆ ಮೆತ್ತಿಕೊಂಡು ಹತ್ತೇ ಹೆಜ್ಜೆಗೆ ಚಕ್ರವನ್ನು ಕಟ್ಟಿಹಾಕುತ್ತದೆ. ಕಡ್ಡಿಯಿಂದ ಕೆರೆದು ತೆಗೆಯಲು ಅರ್ಧ ಗಂಟೆ ಬೇಕು. ಸುಗ್ಗಿಯಲ್ಲಿ ರಸ್ತೆಯ ಮೇಲೆ ರಾಶಿಗೆ ಹರವಿದ ತೊಗರಿ, ಹುರುಳಿ, ಸೂರ್ಯಕಾಂತಿ ಕಂಡರೆ ಇಳಿದು ನಡೆಯಿರಿ. ತೆಳು ಟೈರು ಅದರ ಮೇಲೆ ಜಾರುತ್ತದೆ, ಒಣ ದಂಟು ಚೈನಿಗೆ ಸುತ್ತಿಕೊಳ್ಳುತ್ತದೆ. ಅದು ಒಬ್ಬರ ವರ್ಷದ ಅನ್ನವೂ ಹೌದು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಅಂಟಿಕೊಂಡು ಹೋಗಬೇಡಿ. ಹೊರಚಾಚಿದ ಕಬ್ಬು ಮುಖದ ಎತ್ತರಕ್ಕೇ ಇರುತ್ತದೆ, ಹಿಂದೆ ದೀಪ ಇಲ್ಲದಿರುವುದೂ ಉಂಟು.

ಪಂಕ್ಚರಿಗೆ ಬರೋಣ. ಎರಡು ಸಲ ಆಯಿತು ಎಂದಿರಿ. ಎರಡನೆಯದು ಮೊದಲನೆಯದರ ಮುಳ್ಳಿನಿಂದಲೇ ಆಗಿರಬೇಕು, ನೂರಕ್ಕೆ ಎಂಬತ್ತು ಸಲ ಹಾಗೆಯೇ ಎಂದು ನನ್ನ ಅನುಭವ ಹೇಳುತ್ತದೆ. ರಸ್ತೆಯ ಅಂಚಿನಲ್ಲಿ ಜಾಲಿಮುಳ್ಳು, ನೆಗ್ಗಿಲ ಮುಳ್ಳು ಬಿದ್ದಿರುತ್ತವೆ. ಮುಳ್ಳಿನ ತುದಿ ಟೈರಿನೊಳಗೆ ಮುರಿದು ಉಳಿದರೆ ಹೊರಗೆ ಏನೂ ಕಾಣುವುದಿಲ್ಲ, ಬೆರಳಾಡಿಸಿದರೂ ತಿಳಿಯುವುದಿಲ್ಲ. ನಮ್ಮ ಹಳೆಯ ಸೈಕಲ್ ಮೇಸ್ತ್ರಿಗಳು ಒಂದು ಹಿಡಿ ಹತ್ತಿ ತೆಗೆದು ಟೈರಿನ ಒಳಮೈಯಲ್ಲಿ ಒಂದು ಸುತ್ತು ನಿಧಾನವಾಗಿ ಎಳೆಯುತ್ತಿದ್ದರು. ಹತ್ತಿಯ ಎಳೆ ಎಲ್ಲಿ ಸಿಕ್ಕಿ ನಿಂತಿತೋ ಅಲ್ಲಿ ಮುಳ್ಳು. ಚಿಮುಟದಿಂದ ಒಳಗಿನಿಂದಲೇ ತೆಗೆಯಬೇಕು. ಅಂಗಡಿಯಲ್ಲಿ ಮಾರುವ ಯಾವ ಉಪಕರಣವೂ ಈ ಹತ್ತಿಯಷ್ಟು ಚೆನ್ನಾಗಿ ಹುಡುಕುವುದನ್ನು ನಾನು ಕಂಡಿಲ್ಲ. ಬೆಳೆಯುವವರ ನಾಡಿನಲ್ಲೇ ಇದ್ದೀರಿ, ಒಂದು ಉಂಡೆ ಚೀಲದಲ್ಲಿಡಿ.

ಹಳ್ಳಿಯ ಸೈಕಲ್ ಅಂಗಡಿಯನ್ನು ಪಂಕ್ಚರ್ ಹಾಕಿಸಲು ನಂಬಬಹುದು, ಬಿಡಿಭಾಗಕ್ಕೆ ನಂಬಬೇಡಿ. ಅಲ್ಲಿ ಸಿಗುವ ದೊಡ್ಡ ಸೈಕಲ್ಲಿನ 28 ಇಂಚಿನ ಟೈರಿನ ರಿಮ್ ಅಳತೆ 635 ಮಿಲಿಮೀಟರ್. ನಿಮ್ಮದು 700ಸಿ ಆಗಿದ್ದರೆ 622. ಹೊಂದುವುದಿಲ್ಲ. ಎರಡು ಟ್ಯೂಬ್, ಟೈರ್ ಲಿವರ್, ಪಂಕ್ಚರ್ ಪಟ್ಟಿ, ಕೈಪಂಪು ಯಾವಾಗಲೂ ನಿಮ್ಮ ಜೊತೆಗಿರಲಿ. ನಿಮ್ಮ ಟ್ಯೂಬಿನದು ತೆಳುವಾದ ಪ್ರೆಸ್ಟಾ ವಾಲ್ವ್ ಆಗಿದ್ದರೆ ಪೆಟ್ರೋಲ್ ಬಂಕಿನ ಗಾಳಿಯ ಮೂತಿ ಅದಕ್ಕೆ ಕೂರುವುದಿಲ್ಲ, ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಕೊಂಡು ವಾಲ್ವಿಗೇ ತಿರುಗಿಸಿಡಿ. ಟೈರು 25 ಮಿಲಿಮೀಟರ್ ಅಗಲದ್ದಾಗಿದ್ದರೆ, ಫ್ರೇಮಿನಲ್ಲಿ ಜಾಗವಿದ್ದರೆ 28 ಅಥವಾ 32ಕ್ಕೆ ಬದಲಿಸಿ. ನಮ್ಮ ರಸ್ತೆಗೆ ಅದೇ ಸರಿ. 28ರ ಟೈರಿಗೆ ಅರವತ್ತು ಕಿಲೋ ತೂಕದವರು 65ರಿಂದ 75 ಪಿಎಸ್‌ಐ ಗಾಳಿ ಹಾಕಿದರೆ ಸಾಕು. ಕಲ್ಲಿನಂತೆ ಬಿಗಿದರೆ ಬೇಗ ಓಡುತ್ತದೆ ಎಂಬುದು ಹಳೆಯ ನಂಬಿಕೆ, ಕೈ ಬೆನ್ನು ನೋಯುವುದು ಮಾತ್ರ ನಿಜ.

ಶೌಚಾಲಯದ ಬಗ್ಗೆ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಹೆಣ್ಣುಮಕ್ಕಳು ಇದೊಂದು ಕಾರಣಕ್ಕೆ ನೀರು ಕುಡಿಯದೆ ತುಳಿಯುತ್ತಾರೆ. ನನ್ನ ಬಳಿ ಕಲಿತ ಹುಡುಗಿಯೊಬ್ಬಳು ಹಾಗೆಯೇ ಎರಡು ಸಲ ಮೂತ್ರದ ಸೋಂಕಿನಿಂದ ನರಳಿದಳು. ಅವಳು ಬಾಟಲಿಯನ್ನು ತುಂಬಿದ್ದು ತುಂಬಿದ ಹಾಗೆಯೇ ಮನೆಗೆ ಒಯ್ಯುತ್ತಿದ್ದಳೆಂಬುದು ನನಗೆ ತಿಳಿದದ್ದು ತಡವಾಗಿ. ಕೇಳದೆ ಇದ್ದದ್ದು ನನ್ನ ತಪ್ಪು. ಪೆಟ್ರೋಲ್ ಬಂಕುಗಳು ಶೌಚಾಲಯ, ಕುಡಿಯುವ ನೀರು, ಗಾಳಿ ಈ ಮೂರನ್ನೂ ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಇಂಧನ ಹಾಕಿಸದಿದ್ದರೂ ಸಂಕೋಚವಿಲ್ಲದೆ ಬೀಗದ ಕೈ ಕೇಳಿ. ಬಾದಾಮಿ, ಗುಳೇದಗುಡ್ಡ, ಅಮೀನಗಡದಲ್ಲಿ ಬಸ್ ನಿಲ್ದಾಣ, ಪಟ್ಟದಕಲ್ಲು, ಐಹೊಳೆಯಲ್ಲಿ ಸ್ಮಾರಕಗಳ ಆವರಣ. ನಡುವಿನ ಹಳ್ಳಿಗಳಲ್ಲಿ ನಿಮಗೆ ನನಗಿಲ್ಲದ ಒಂದು ಅನುಕೂಲವಿದೆ. ನೀವು ಶಿಕ್ಷಕಿ. ನಿಮ್ಮ ವಿದ್ಯಾರ್ಥಿನಿಯರ ಮನೆಗಳು ಆ ದಾರಿಯುದ್ದಕ್ಕೂ ಇರುತ್ತವೆ. ‘ಟೀಚರ್ ಬಂದರು’ ಎಂದು ಚಾಪೆ ಹಾಸುವ ಮನೆ ಪ್ರತಿ ಹಳ್ಳಿಯಲ್ಲೂ ಒಂದಿರುತ್ತದೆ, ಮೊದಲೇ ಹೇಳಿಟ್ಟರೆ ಅದಕ್ಕಿಂತ ಸುರಕ್ಷಿತ ತಂಗುದಾಣ ಇಲ್ಲ.

ನೀರಿಗೆ ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ನೀರು ಬರುತ್ತದೆ, ಆದರೆ ಕೊಡ ತುಂಬುವಷ್ಟು ಒಮ್ಮೆಲೇ ಸುರಿಯುತ್ತದೆ. ಮುಕ್ಕಾಲು ಲೀಟರಿನ ಬಾಟಲಿಗಾಗಿ ಅಷ್ಟು ನೀರು ಚೆಲ್ಲಬೇಡಿ. ಅಲ್ಲಿ ಯಾರಾದರೂ ಕೊಡ ಹಿಡಿದು ನಿಂತೇ ಇರುತ್ತಾರೆ. ಅವರ ಕೊಡಕ್ಕೆ ನಿಮ್ಮ ನಾಣ್ಯ ಹಾಕಿ, ಧಾರೆಗೆ ನಿಮ್ಮ ಬಾಟಲಿ ಮೊದಲು ಹಿಡಿಯಿರಿ. ಎರಡು ವಾರದಲ್ಲಿ ಅವರು ನಿಮ್ಮ ಗುರುತು ಹಿಡಿಯುತ್ತಾರೆ. ಒಂದು, ಎರಡು, ಐದು ರೂಪಾಯಿಯ ನಾಣ್ಯಗಳನ್ನು ಸೀಟಿನ ಕೆಳಗಿನ ಚೀಲದಲ್ಲಿ ಹತ್ತಿಯ ಉಂಡೆಯ ಜೊತೆಗೇ ಇಡಿ.

ಪುಷ್ಯ ಮಾಸದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿಯ ತೇರು. ಜಾತ್ರೆ ಹಲವು ದಿನ ನಡೆಯುತ್ತದೆ, ನಾಟಕ ಕಂಪನಿಗಳು ಬೀಡು ಬಿಡುತ್ತವೆ, ರಸ್ತೆಯಲ್ಲಿ ಚಕ್ಕಡಿ, ಟ್ರ್ಯಾಕ್ಟರ್, ಜನ. ಆ ದಿನಗಳಲ್ಲಿ ಸೈಕಲ್ಲನ್ನು ಗುಳೇದಗುಡ್ಡದ ದಾರಿಗೆ ತಿರುಗಿಸಿ, ಜಾತ್ರೆಗೆ ಸಂಜೆ ಮನೆಯವರೊಂದಿಗೆ ಬಸ್ಸಿನಲ್ಲಿ ಹೋಗಿ. ಸದ್ಯಕ್ಕೆ ಬರುವ ಭಾನುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ನೀವು ಮೂವರೂ ಶಿವಯೋಗಮಂದಿರದವರೆಗೆ ಮಾತ್ರ ಹೋಗಿ ಬನ್ನಿ. ಬರುವಾಗ ಬನಶಂಕರಿಯಲ್ಲಿ ಕುಡಿಕೆ ಮೊಸರು ಮರೆಯಬೇಡಿ.